ಆಮ್ಲಜನಕವೂ ನಮ್ಮ ಹೃದಯವೂ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮ್ಮಿಬ್ಬರನ್ನೂ ಕರೆದು ನಾಲ್ಕು ಮಾತಾಡಿ ಎಂದಿದ್ದೀರಿ. ನಾವು ಗಂಡ ಹೆಂಡತಿ ಈ ಊರಿಗೆ ಹೊಸಬರಲ್ಲ. ಒಬ್ಬರು ಇಲ್ಲೇ ಹುಟ್ಟಿ, ಇಲ್ಲಿಯ ಶಾಲೆಯಲ್ಲೇ ಅಕ್ಷರ ಕಲಿತು ಡಾಕ್ಟರಾದವರು. ಇನ್ನೊಬ್ಬರು ಈ ಊರಿಗೆ ಸೊಸೆಯಾಗಿ ಬಂದು, ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರದ ಪಾಠ ಹೇಳಿದವರು. ಮೈಕಿನ ಮುಂದೆ ಒಬ್ಬರೇ ನಿಂತಿದ್ದರೂ ಮಾತು ಇಬ್ಬರದು. ಆದ್ದರಿಂದ 'ನಾವು' ಎಂದೇ ಹೇಳುತ್ತೇವೆ.

ಕಾರ್ಯದರ್ಶಿಗಳು ಮನೆಗೆ ಬಂದಾಗ, "ಹಾರ್ಟ್ ಅಟ್ಯಾಕ್ ಬಗ್ಗೆ ಹೇಳಿ, ಮುಪ್ಪು ಯಾಕೆ ಬರುತ್ತೆ ಅಂತಲೂ ಹೇಳಿ. ಆದರೆ ನಮಗೆ ಅರ್ಥ ಆಗೋ ಹಂಗೆ ಹೇಳಿ" ಅಂದರು. ಇವು ಎರಡು ಬೇರೆ ಬೇರೆ ವಿಷಯ ಅಂತ ಅವರು ತಿಳಿದಿದ್ದರು. ನಿಜಕ್ಕೂ ಎರಡರ ಬೇರೂ ಒಂದು ಕಡೆ ಕೂಡುತ್ತದೆ. ಅದು ನಾವು ಎಳೆದುಕೊಳ್ಳುವ ಉಸಿರು, ಅಂದರೆ ಆಮ್ಲಜನಕ. ಯಾವುದಿಲ್ಲದಿದ್ದರೆ ಐದು ನಿಮಿಷ ಬದುಕಲಾರೆವೋ, ಅದೇ ನಮ್ಮನ್ನು ದಿನ ದಿನಕ್ಕೂ ಇಷ್ಟಿಷ್ಟೇ ಸವೆಸುತ್ತಲೂ ಇರುತ್ತದೆ. ಇದು ಹೇಗೆ ಎಂಬುದನ್ನು ತಿಳಿದುಕೊಂಡರೆ ಎರಡು ಲಾಭ ಇವೆ. ಒಂದು, ಎದೆನೋವು ಬಂದಾಗ ಏನು ಮಾಡಬೇಕು ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಇನ್ನೊಂದು, ಹಾಲಿನ ಬಟವಾಡೆಯ ದುಡ್ಡು ಬೇಡದ ಮಾತ್ರೆಗಳಿಗೆ ಹೋಗುವುದು ತಪ್ಪುತ್ತದೆ. ಈ ಎರಡೂ ನಮ್ಮ ಮನೆಯಲ್ಲೇ ನಡೆದ ಸಂಗತಿಗಳು. ಅದನ್ನು ಮುಂದೆ ಹೇಳುತ್ತೇವೆ.

ಹೃದಯದ ದುಡಿಮೆ

ಮೊದಲು ಹೃದಯದ ದುಡಿಮೆ ನೋಡೋಣ. ನಿಮಿಷಕ್ಕೆ 72 ಬಡಿತ ಅಂತ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಲಕ್ಷದ ಮೇಲಾಯಿತು. ಯುಗಾದಿಗೂ ರಜ ಇಲ್ಲ, ನಿದ್ದೆಯಲ್ಲೂ ರಜ ಇಲ್ಲ. ಉಳುವ ಎತ್ತಿಗೆ ಮೇವು ಬೇಕಾದ ಹಾಗೆ ಈ ದುಡಿಮೆಗೂ ಮೇವು ಬೇಕು. ಜೀವಕೋಶಗಳ ಆ ಮೇವಿಗೆ ಎ.ಟಿ.ಪಿ. ಎಂದು ಹೆಸರು. ಇದನ್ನು ಪತ್ತೆ ಮಾಡಿದವರಲ್ಲಿ ನಮ್ಮ ನೆರೆಯ ಆಂಧ್ರದವರೊಬ್ಬರಿದ್ದಾರೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡ್‌ಗೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಅವರು ಮತ್ತು ಸೈರಸ್ ಫಿಸ್ಕ್ ಒಂದು ಕಡೆ, ಜರ್ಮನಿಯ ಕಾರ್ಲ್ ಲೋಮನ್ ಇನ್ನೊಂದು ಕಡೆ, 1929ರಲ್ಲಿ ಇದನ್ನು ಕಂಡುಹಿಡಿದರು.

ಹೃದಯದ ತೂಕ ಸುಮಾರು ಮುನ್ನೂರು ಗ್ರಾಂ. ಆದರೆ ಅದು ದಿನಕ್ಕೆ ಸುಮಾರು 6 ಕಿಲೋ ಎ.ಟಿ.ಪಿ.ಯನ್ನು ಮಾಡಿ ಖರ್ಚು ಮಾಡುತ್ತದೆ. ತನ್ನ ತೂಕದ ಇಪ್ಪತ್ತರಷ್ಟು! ಕೂಡಿಟ್ಟುಕೊಳ್ಳುವುದಂತೂ ಇಲ್ಲವೇ ಇಲ್ಲ. ಕೈಯಲ್ಲಿರುವ ದಾಸ್ತಾನು ಕೆಲವೇ ಸೆಕೆಂಡಿನ ಬಡಿತಕ್ಕೆ ಸಾಕು. ಆಗಿಂದಾಗ್ಗೆ ದುಡಿದು ಆಗಿಂದಾಗ್ಗೆ ಉಣ್ಣುವ ಕೂಲಿಯವನ ಸಂಸಾರ ಇದ್ದ ಹಾಗೆ.

ಈ ಎ.ಟಿ.ಪಿ. ತಯಾರಾಗುವ ಜಾಗಕ್ಕೆ ಮೈಟೋಕಾಂಡ್ರಿಯ ಎಂದು ಹೆಸರು. ಬರಿಗಣ್ಣಿಗೆ ಕಾಣದ ಜೀವಕೋಶದೊಳಗೆ ಅದಕ್ಕಿಂತ ಚಿಕ್ಕದಾದ ಸಾವಿರಾರು ಕಾಳುಗಳಿವೆ ಅಂತ ಊಹಿಸಿಕೊಳ್ಳಿ. ಹೃದಯದ ಸ್ನಾಯುವಿನ ಜೀವಕೋಶದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜಾಗವನ್ನು ಇವೇ ತುಂಬಿಕೊಂಡಿರುತ್ತವೆ. ಇನ್ನೊಂದು ವಿಶೇಷ: ಇವು ನಮಗೆ ಬರುವುದು ತಾಯಿಯಿಂದ. ಇಲ್ಲಿ ಕೂತಿರುವ ಪ್ರತಿಯೊಬ್ಬರ ಎದೆಯಲ್ಲೂ ಅವರ ಅವ್ವ ಕೊಟ್ಟ ಒಲೆಯೇ ಉರಿಯುತ್ತಿದೆ.

ಹಾಲಿನ ಸಾಲು

ಈ ಒಲೆ ಹೇಗೆ ಕೆಲಸ ಮಾಡುತ್ತದೆ? ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಡೈರಿಯ ಮುಂದೆ ಬೆಳಿಗ್ಗೆ ಆರು ಗಂಟೆಗೆ ನಿಂತರೆ ಸಾಕು.

ಬಿ.ಎಂ.ಸಿ. ಬರುವುದಕ್ಕೆ ಮುಂಚೆ ಹಾಲನ್ನು ಕ್ಯಾನುಗಳಲ್ಲೇ ಕಳಿಸುತ್ತಿದ್ದೆವು, ಹಿರಿಯರಿಗೆ ನೆನಪಿರಬೇಕು. ಹಾಲು ತಂದವರ ಕೈಯಿಂದ ಅಳತೆಯವರ ಕೈಗೆ, ಅವರಿಂದ ಕ್ಯಾನಿಗೆ, ಕ್ಯಾನು ಹೊರುವವರಿಂದ ರಸ್ತೆಗೆ, ಕೊನೆಗೆ ಲಾರಿಗೆ. ಮೈಟೋಕಾಂಡ್ರಿಯದ ಒಳಪೊರೆಯಲ್ಲೂ ಇಂಥದೇ ಒಂದು ಸಾಲು ಇದೆ. ನಾವು ತಿಂದ ಮುದ್ದೆ, ಅನ್ನ, ಎಣ್ಣೆ ಎಲ್ಲ ಜೀರ್ಣವಾಗಿ, ಕೊನೆಗೆ ಅದರಿಂದ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣಗಳು ಹೊರಬರುತ್ತವೆ. ಇವು ಹಾಲಿನ ಹಾಗೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ಹೀಗೆ ದಾಟುವಾಗ ಬಿಡುಗಡೆಯಾಗುವ ಶಕ್ತಿಯಿಂದ ಪೊರೆಯ ಆಚೆ ಬದಿಗೆ ಪ್ರೋಟಾನುಗಳು ತುಂಬಿಕೊಳ್ಳುತ್ತವೆ, ಮೋಟರು ಹಾಕಿ ಓವರ್‌ಹೆಡ್ ಟ್ಯಾಂಕಿಗೆ ನೀರು ತುಂಬಿದ ಹಾಗೆ. ಅವು ಕೆಳಗಿಳಿದು ಬರುವಾಗ ಒಂದು ಪುಟ್ಟ ಚಕ್ರ ತಿರುಗುತ್ತದೆ. ಆ ಚಕ್ರವೇ ಎ.ಟಿ.ಪಿ.ಯನ್ನು ಮಾಡುತ್ತದೆ. ಟ್ಯಾಂಕಿನ ತತ್ವ ಹೇಳಿದ ಇಂಗ್ಲೆಂಡಿನ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ, ಚಕ್ರದ ಗುಟ್ಟು ಬಿಡಿಸಿದ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನ ಬಂತು.

ಸಾಲಿನ ಕೊನೆಯಲ್ಲಿ ಲಾರಿ ಇರಬೇಕಲ್ಲ? ಆ ಲಾರಿಯೇ ಆಮ್ಲಜನಕ. ನಾವು ಉಸಿರಾಡುವುದು ಇದಕ್ಕೋಸ್ಕರ. ಆಮ್ಲಜನಕದ ಒಂದು ಅಣು ಸಾಲಿನ ಕೊನೆಯಲ್ಲಿ ನಿಂತು, ನಾಲ್ಕು ಎಲೆಕ್ಟ್ರಾನುಗಳನ್ನು ಕ್ರಮವಾಗಿ ತೆಗೆದುಕೊಂಡು, ನಿರುಪದ್ರವಿ ನೀರಾಗಿ ಹೊರಟುಹೋಗುತ್ತದೆ. ಎಲ್ಲ ಸರಿಯಾಗಿ ನಡೆದರೆ ಇಷ್ಟೇ.

ಆದರೆ ಎಷ್ಟು ಎಚ್ಚರದಿಂದ ಅಳೆದರೂ ನೆಲಕ್ಕೆ ಒಂದೆರಡು ಹನಿ ಹಾಲು ಚೆಲ್ಲುವುದಿಲ್ಲವೇ? ಇಲ್ಲೂ ಹಾಗೆಯೇ. ಲಾರಿಯ ಹುಡುಗ ಕೊನೆಯಲ್ಲಿ ನಿಲ್ಲದೆ ಸಾಲಿನ ನಡುವೆ ನುಗ್ಗಿ ಕೈ ಹಾಕಿದರೆ ಏನಾಗುತ್ತದೋ ಅದೇ ಆಗುತ್ತದೆ. ನಡುವೆ ಬಂದ ಆಮ್ಲಜನಕ ನಾಲ್ಕರ ಬದಲು ಒಂದೇ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಆಗ ಅದು ನೀರಾಗುವುದಿಲ್ಲ. ಸೂಪರ್ ಆಕ್ಸೈಡ್ ಎಂಬ ಅರೆಬೆಂದ ಪದಾರ್ಥವಾಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಕಬ್ಬಿಣದ ಅಂಶದ ಜೊತೆ ಸೇರಿದರೆ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ಎಂಬುದು ಹುಟ್ಟುತ್ತದೆ. ಇವೆಲ್ಲ ಸಿಕ್ಕಿದ್ದನ್ನು ಸುಡುವ ಜಾತಿಯವು. ಪೊರೆಯ ಕೊಬ್ಬನ್ನು ಕೆಡಿಸುತ್ತವೆ, ಪ್ರೋಟೀನನ್ನು ಹಾಳುಮಾಡುತ್ತವೆ, ಮೈಟೋಕಾಂಡ್ರಿಯದ ಸ್ವಂತ ಡಿ.ಎನ್.ಎ.ಗೂ ಗಾಯ ಮಾಡುತ್ತವೆ.

ಈ ಸೋರಿಕೆ ಉಸಿರಾಡಿದ ಆಮ್ಲಜನಕದಲ್ಲಿ ನೂರಕ್ಕೆ ಒಂದೆರಡು ಪಾಲು ಎಂದು ಹಿಂದೆ ಪ್ರಯೋಗಶಾಲೆಯ ಅಂದಾಜು ಇತ್ತು. ಜೀವಂತ ದೇಹದಲ್ಲಿ ಅದು ಇನ್ನೂ ಬಹಳ ಕಡಿಮೆ ಎಂಬುದು ಈಗಿನ ತಿಳುವಳಿಕೆ. ಮೈಟೋಕಾಂಡ್ರಿಯದಲ್ಲಿ ಪೆರಾಕ್ಸೈಡ್ ಹುಟ್ಟುವ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರೂ ಬಹಳ ಕಾಲ ಕೆಲಸ ಮಾಡಿದರು. 1982ರಲ್ಲಿ ಅವರು ಬರೆದ ಸಮೀಕ್ಷೆಯನ್ನು ಈ ವಿಷಯದವರು ಓದಿದ್ದಾರೆ.

ನೆಲ ತೊಳೆಯುವವರು

ಹಾಲು ಚೆಲ್ಲಿದ ನೆಲವನ್ನು ಹಾಗೆಯೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುಳಿವಾಸನೆ, ನೊಣ. ಅದಕ್ಕೇ ಡೈರಿಯಲ್ಲಿ ಬಿಸಿನೀರು, ಸೋಡ ಹಾಕಿ ಎರಡು ಹೊತ್ತು ತೊಳೆಯುತ್ತೇವೆ. ದೇಹವೂ ತೊಳೆಯುವವರನ್ನು ನೇಮಿಸಿಕೊಂಡಿದೆ. ಸೂಪರ್ ಆಕ್ಸೈಡನ್ನು ಹಿಡಿದು ಹಾಕುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೋವಿಚ್ ಎಂಬ ಗುರುಶಿಷ್ಯರು ಪತ್ತೆ ಮಾಡಿದರು. ಅದಕ್ಕೆ ಎಸ್.ಒ.ಡಿ. ಎಂದು ಚುಟುಕು ಹೆಸರು. ಇನ್ನೊಂದು ಕೆಟಲೇಸ್. ಇದನ್ನು ನೀವೆಲ್ಲ ಕಣ್ಣಾರೆ ನೋಡಿದ್ದೀರಿ. ಗಾಯಕ್ಕೆ ಕಾಂಪೌಂಡರು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸುಬುಸು ಅಂತ ನೊರೆ ಬರುತ್ತಲ್ಲ, ಅದು ನಮ್ಮ ರಕ್ತದ ಕೆಟಲೇಸ್ ಆ ಪೆರಾಕ್ಸೈಡನ್ನು ನೀರು, ಆಮ್ಲಜನಕ ಅಂತ ಒಡೆದುಹಾಕುವ ನೊರೆ.

ತೊಳೆಯುವವರೇ ಇಲ್ಲದಿದ್ದರೆ? 1995ರಲ್ಲಿ ವಿಜ್ಞಾನಿಗಳು ಮೈಟೋಕಾಂಡ್ರಿಯದ ಎಸ್.ಒ.ಡಿ. ಇಲ್ಲದ ಇಲಿಮರಿಗಳನ್ನು ಹುಟ್ಟಿಸಿ ನೋಡಿದರು. ಆ ಮರಿಗಳು ಹತ್ತು ದಿನದೊಳಗೆ ಸತ್ತವು. ಅವುಗಳ ಹೃದಯ ಊದಿಕೊಂಡು ಸೋತಿತ್ತು. ಬಿಡುವಿಲ್ಲದೆ ದುಡಿಯುವ ಹೃದಯಕ್ಕೆ ಈ ಸೋರಿಕೆ ಎಷ್ಟು ಹತ್ತಿರದ ಶತ್ರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮುಪ್ಪಿನ ಮಾತು

ಮುಪ್ಪಿಗೆ ಬರೋಣ. ಪೆಟ್ರೋಲಿಯಂ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದು ಆಮೇಲೆ ವೈದ್ಯಕೀಯ ಓದಿದ ಡೆನ್‌ಹಮ್ ಹಾರ್ಮನ್ ಎಂಬ ಅಮೆರಿಕದವರು 1956ರಲ್ಲಿ ಒಂದು ಮಾತು ಹೇಳಿದರು: ಇಂಥ ಸುಡುವ ಕಣಗಳು ಮಾಡುವ ಸಣ್ಣ ಸಣ್ಣ ಗಾಯಗಳು ಕೂಡಿ ಕೂಡಿ ಮುಪ್ಪಾಗುತ್ತದೆ. 1972ರಲ್ಲಿ ಅವರೇ, ಈ ಕಣಗಳ ಮುಖ್ಯ ತವರು ಮೈಟೋಕಾಂಡ್ರಿಯ ಎಂದರು. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮನುಷ್ಯನೂ ತುಕ್ಕು ಹಿಡಿಯುತ್ತಾನೆ ಎಂಬಂಥ ವಾದ. ಅವರು 98 ವರ್ಷ ಬದುಕಿ 2014ರಲ್ಲಿ ತೀರಿಕೊಂಡರು.

ಇದಕ್ಕೆ ಪುಷ್ಟಿ ಕೊಡುವ ಸಂಗತಿಗಳಿವೆ. ಪಾರಿವಾಳವೂ ಇಲಿಯೂ ತೂಕದಲ್ಲಿ ಹೆಚ್ಚು ಕಡಿಮೆ ಸಮ. ಆದರೆ ಇಲಿಯ ಆಯಸ್ಸು ಮೂರು ನಾಲ್ಕು ವರ್ಷ, ಪಾರಿವಾಳ ಮೂವತ್ತು ದಾಟಬಲ್ಲದು. ಪಾರಿವಾಳದ ಮೈಟೋಕಾಂಡ್ರಿಯದಲ್ಲಿ ಸೋರಿಕೆ ಕಡಿಮೆ. 2005ರಲ್ಲಿ ವಿಜ್ಞಾನಿಗಳು ಇಲಿಗಳ ಮೈಟೋಕಾಂಡ್ರಿಯದ ಒಳಗೇ ಹೆಚ್ಚು ಕೆಟಲೇಸ್ ಇರುವ ಹಾಗೆ ಮಾಡಿದಾಗ ಅವುಗಳ ಆಯಸ್ಸು ಸುಮಾರು ಐದು ತಿಂಗಳು ಹೆಚ್ಚಿತು, ಹೃದಯದ ಮುಪ್ಪೂ ತಡವಾಯಿತು. ಇಲಿಯ ಬಾಳಿಗೆ ಐದು ತಿಂಗಳು ಅಂದರೆ ಕಡಿಮೆಯಲ್ಲ.

ಆದರೆ ಪ್ರಾಮಾಣಿಕವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಆಫ್ರಿಕದಲ್ಲಿ ಕೂದಲಿಲ್ಲದ ಒಂದು ಬಿಲದ ಇಲಿ ಇದೆ. ಅದರ ಮೈಯಲ್ಲಿ ಈ ಗಾಯಗಳು ಬೇಕಾದಷ್ಟಿದ್ದರೂ ಅದು ಮೂವತ್ತು ವರ್ಷ ಬದುಕುತ್ತದೆ. ಅಂದಮೇಲೆ ಮುಪ್ಪಿಗೆ ಸೋರಿಕೆ ಒಂದೇ ಕಾರಣ ಅಲ್ಲ. ಗಾಯ ಎಷ್ಟಾಯಿತು ಎನ್ನುವಷ್ಟೇ, ದೇಹ ರಿಪೇರಿ ಎಷ್ಟು ಚೆನ್ನಾಗಿ ಮಾಡಿಕೊಳ್ಳುತ್ತದೆ ಎಂಬುದೂ ಮುಖ್ಯ. ಹೃದಯದ ಕಷ್ಟ ಇರುವುದು ಇಲ್ಲೇ. ಚರ್ಮದ ಹಾಗೆ ಅದು ದಿನಾ ಹೊಸದಾಗುವುದಿಲ್ಲ. ಸ್ವೀಡನ್ನಿನಲ್ಲಿ 2009ರಲ್ಲಿ ಲೆಕ್ಕ ಹಾಕಿದ ಪ್ರಕಾರ ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಹೃದಯ ಸ್ನಾಯುಕೋಶ ಹೊಸದಾಗುತ್ತದೆ, ಎಪ್ಪತ್ತೈದರಲ್ಲಿ ಅದರ ಅರ್ಧಕ್ಕೂ ಕಡಿಮೆ. ಹುಟ್ಟುವಾಗ ತಂದ ಕ್ಯಾನುಗಳಲ್ಲೇ ಕೊನೆಯತನಕ ಹಾಲು ಸಾಗಿಸಬೇಕು.

ಹೃದಯದ ಕಾಯಿಲೆ ಹೇಗೆ ಬರುತ್ತದೆ

ಈಗ ಕಾಯಿಲೆ. ಇದರಲ್ಲಿ ನಿಧಾನದ್ದು ಒಂದು, ದಿಢೀರನೆ ಆಗುವುದು ಒಂದು.

ನಿಧಾನದ್ದು ಹೀಗೆ. ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬನ್ನು ಈ ಕಣಗಳು ಸುಟ್ಟು ಕೆಡಿಸುತ್ತವೆ. ಕೆಟ್ಟ ಕೊಬ್ಬನ್ನು ನುಂಗಲು ಬಿಳಿ ರಕ್ತಕಣಗಳು ಬಂದು, ನುಂಗಿ ನುಂಗಿ ಅಲ್ಲೇ ಊದಿಕೊಂಡು ಕೂರುತ್ತವೆ. ಹೀಗೆ ನಾಳದಲ್ಲಿ ಗಾರೆ ಕಟ್ಟುತ್ತದೆ. ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಎಂಬ ಒಂದು ಒಳ್ಳೆಯ ವಸ್ತು ಇದೆ. ಸೂಪರ್ ಆಕ್ಸೈಡ್ ಅದನ್ನು ತಿಂದುಹಾಕುತ್ತದೆ. ಆಗ ನಾಳ ಬಿಗಿಯುತ್ತದೆ, ಬಿ.ಪಿ. ಏರಲು ಇದೂ ದಾರಿ. ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಮೈಟೋಕಾಂಡ್ರಿಯದ ಸಾಲಿಗೆ ಒಮ್ಮೆಲೇ ಹೆಚ್ಚು ಹಾಲು ಬಂದು ಬಿದ್ದ ಹಾಗೆ. ಚೆಲ್ಲುವುದೂ ಹೆಚ್ಚು. ಇನ್ನು ಬೀಡಿ, ಸಿಗರೇಟು. ಅದು ಹೊರಗಿನಿಂದಲೇ ಇಂಥ ಕಣಗಳನ್ನು ಎಳೆದು ಒಳಗೆ ಬಿಟ್ಟುಕೊಂಡ ಹಾಗೆ. ನಮ್ಮ ಜಗುಲಿಗೆ ನಾವೇ ಕಸ ಸುರಿದುಕೊಂಡ ಹಾಗೆ.

ದಿಢೀರನೆ ಆಗುವುದು ಹಾರ್ಟ್ ಅಟ್ಯಾಕ್. ಗಾರೆ ಕಟ್ಟಿದ ಜಾಗ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯದ ಒಂದು ಭಾಗಕ್ಕೆ ರಕ್ತವೇ ನಿಂತುಹೋಗುತ್ತದೆ. ಅಂದರೆ ಲಾರಿ ಬರಲಿಲ್ಲ. ಸಾಲು ಎಲ್ಲಿತ್ತೋ ಅಲ್ಲೇ ನಿಂತಿತು. ಕ್ಯಾನುಗಳೆಲ್ಲ ತುಂಬಿ ರಸ್ತೆ ಬದಿ ಸಾಲಾಗಿ ಕೂತವು. ಇಪ್ಪತ್ತು ಮೂವತ್ತು ನಿಮಿಷ ಕಳೆದರೆ ಸ್ನಾಯು ಸಾಯಲು ಶುರುವಾಗುತ್ತದೆ. ಐದಾರು ಗಂಟೆ ಕಳೆದರೆ ಆ ಭಾಗದ ಬಹುಪಾಲು ಹೋಗಿಯೇ ಬಿಡುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ಚಿಕಿತ್ಸೆಯಿಂದ ಹೆಪ್ಪು ಕರಗಿ ರಕ್ತ ಮತ್ತೆ ಹರಿದಾಗ, ಆ ಮೊದಲ ಕೆಲವು ನಿಮಿಷಗಳಲ್ಲೇ ಸುಡುವ ಕಣಗಳು ದಂಡಿಯಾಗಿ ಹುಟ್ಟುತ್ತವೆ. ಯಾಕೆ? ನಮ್ಮ ಊರಿನಲ್ಲೇ ನೋಡಿದ್ದೇವಲ್ಲ. ಲಾರಿ ಮೂರು ಗಂಟೆ ತಡವಾಗಿ ಬಂದ ದಿನ ಏನಾಗುತ್ತಿತ್ತು? ಎಲ್ಲರೂ ಒಟ್ಟಿಗೆ ನುಗ್ಗಿ, ಕ್ಯಾನಿಗೆ ಕ್ಯಾನು ಬಡಿದು, ಹಾಲೆಲ್ಲ ರಸ್ತೆಗೆ. ಲಾರಿ ಇಲ್ಲದ ಹೊತ್ತಿನಲ್ಲಿ ಜೀವಕೋಶದಲ್ಲಿ ಸಕ್ಸಿನೇಟ್ ಎಂಬ ಪದಾರ್ಥ ರಾಶಿ ಬೀಳುತ್ತದೆ, ಆಮ್ಲಜನಕ ಬಂದ ಕೂಡಲೇ ಅದು ಒಮ್ಮೆಲೇ ಉರಿದು ಎಲೆಕ್ಟ್ರಾನುಗಳು ಸಾಲಿನಲ್ಲಿ ಹಿಮ್ಮುಖವಾಗಿ ನುಗ್ಗುತ್ತವೆ ಎಂದು ಕೇಂಬ್ರಿಜ್‌ನ ಮೈಕೆಲ್ ಮರ್ಫಿ ಮತ್ತು ಜೊತೆಗಾರರು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಪ್ರಾಣಿಗಳ ಮೇಲಿನ ಅಧ್ಯಯನಗಳ ಪ್ರಕಾರ ಕೊನೆಗೆ ಉಳಿಯುವ ಗಾಯದಲ್ಲಿ ಅರ್ಧದವರೆಗೂ ಪಾಲು ಈ ನೂಕುನುಗ್ಗಲಿನದೇ ಇರಬಹುದು.

ಹಾಗಾದರೆ ರಕ್ತ ಹರಿಸದೇ ಇರುವುದು ಒಳ್ಳೆಯದೇ? ಖಂಡಿತ ಅಲ್ಲ! ಲಾರಿ ಬಾರದಿದ್ದರೆ ಹಾಲು ಪೂರ್ತಿ ಹಾಳು. ತಡವಾಗಿ ಬಂದರೆ ಅರ್ಧವಾದರೂ ಉಳಿಯುತ್ತದೆ. ಬೇಗ ಬಂದರೆ ಕ್ಯಾನುಗಳು ರಾಶಿ ಬೀಳುವುದೇ ಇಲ್ಲ, ನೂಕುನುಗ್ಗಲೂ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ನುಗ್ಗಾಟವನ್ನು ಔಷಧಿಯಿಂದ ತಡೆಯಲು ದೊಡ್ಡ ಪ್ರಯತ್ನಗಳು ನಡೆದಿವೆ. 2015ರಲ್ಲಿ 970 ರೋಗಿಗಳ ಮೇಲೆ ಸೈಕ್ಲೋಸ್ಪೊರಿನ್ ಎಂಬ ಔಷಧಿ ಕೊಟ್ಟು ನೋಡಿದ್ದು ಫಲ ಕೊಡಲಿಲ್ಲ. ಬೇಗ ಹೋಗುವುದಕ್ಕೆ ಸಮನಾದ ಔಷಧಿ ಇಲ್ಲ.

ನಮ್ಮ ಚಿಕ್ಕಪ್ಪನ ಕಥೆ

ಈಗ ಆಗಲೇ ಹೇಳಿದ ಮನೆಯ ಸಂಗತಿ. ನಮ್ಮ ಚಿಕ್ಕಪ್ಪನವರು ಈ ಸಂಘದ ಮೊದಲ ದಿನದ ಸದಸ್ಯರು. ಒಂದು ಬೆಳಿಗ್ಗೆ ಹಾಲು ಕರೆದು ಎದ್ದಾಗ ಎದೆಯ ಮೇಲೆ ಕಲ್ಲು ಇಟ್ಟ ಹಾಗಾಯಿತಂತೆ. ಮೈಯೆಲ್ಲ ಬೆವರು. ಚಿಕ್ಕಮ್ಮ, "ಆಸ್ಪತ್ರೆಗೆ ಹೋಗೋಣ ನಡೀರಿ" ಅಂದರೆ, "ಗ್ಯಾಸ್ಟ್ರಿಕ್ಕು ಕಣೇ, ಮೊದ್ಲು ಹಾಲು ಹಾಕ್ಬಿಟ್ಟು ಬತ್ತೀನಿ" ಅಂದರು. ಹಾಲು ಹಾಕಿ ಬಂದರು. ನಿಂಬೆಹಣ್ಣಿನ ಸೋಡ ಕುಡಿದರು. ಹಸು ಕಟ್ಟಿ ಬರುವಷ್ಟರಲ್ಲಿ ಇನ್ನಷ್ಟು ಸಂಕಟ. ಮಲಗಿದರು. ನಮಗೆ ಫೋನು ಬಂದದ್ದು ಮಧ್ಯಾಹ್ನ ಮೂರಕ್ಕೆ. ಆಸ್ಪತ್ರೆ ಸೇರುವಾಗ ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಜೀವ ಉಳಿಯಿತು. ಆದರೆ ಹೃದಯದ ಮುಂಭಾಗದ ಗೋಡೆ ಸತ್ತುಹೋಗಿತ್ತು. ಆಮೇಲೆ ಅವರು ಇದ್ದದ್ದು ಒಂದೂವರೆ ವರ್ಷ. ಹತ್ತು ಹೆಜ್ಜೆ ನಡೆದರೆ ಏದುಸಿರು, ಕಾಲಲ್ಲಿ ಊತ. ಆ ಮನುಷ್ಯ ಮತ್ತೆ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯಲಿಲ್ಲ.

ಅವರು ಹೋದ ಮೇಲೆ ಕಬ್ಬಿಣದ ಪೆಟ್ಟಿಗೆ ತೆಗೆದಾಗ ಪಾಸ್ ಪುಸ್ತಕದ ಜೊತೆ ಆರು ಬಾಟಲಿ ಮಾತ್ರೆ ಸಿಕ್ಕಿತು. ಯಾರೋ ಮನೆಗೆ ಬಂದು, "ಇದು ಆಂಟಿ ಆಕ್ಸಿಡೆಂಟು, ಇದನ್ನ ತಗೊಂಡ್ರೆ ಹಾರ್ಟು ಹೊಸದಾಗುತ್ತೆ, ವಯಸ್ಸು ನಿಲ್ಲುತ್ತೆ" ಅಂತ ಮಾರಿ ಹೋಗಿದ್ದರು. ಎರಡು ವರ್ಷದ ಬೋನಸ್ಸು ಅದಕ್ಕೇ ಹೋಗಿತ್ತು. ಕೊನೆ ಕೊನೆಗೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಡಿಮೆ ಬೆಲೆಯ ಮಾತ್ರೆ ಬಿಟ್ಟು ಇದನ್ನೇ ನುಂಗುತ್ತಿದ್ದರು. ಮನೆಯಲ್ಲಿ ಇಬ್ಬರು ಓದಿದವರಿದ್ದೂ ನಾವು ಒಂದು ದಿನ ಕೂತು ಅವರಿಗೆ ಇದನ್ನು ಬಿಡಿಸಿ ಹೇಳಲಿಲ್ಲ. ಈವತ್ತಿನ ಭಾಷಣ ಅಂದು ಅವರಿಗೆ ಹೇಳಬೇಕಾಗಿದ್ದ ಮಾತು.

ಮಾತ್ರೆ ಯಾಕೆ ಸಾಲದು

ಆಂಟಿ ಆಕ್ಸಿಡೆಂಟ್ ಅಂದರೆ ಈ ಸುಡುವ ಕಣಗಳನ್ನು ತಡೆಯುವ ವಸ್ತು. ಕಣಗಳಿಂದ ಕೆಡುಕು ಅಂದಮೇಲೆ ತಡೆಯುವ ಮಾತ್ರೆಯಿಂದ ಒಳಿತು ಅಂತ ವಿಜ್ಞಾನಿಗಳೂ ನಂಬಿದ್ದರು. ಆದರೆ ಅವರು ಪರೀಕ್ಷೆ ಮಾಡಿ ನೋಡಿದರು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ನೂರಕ್ಕೆ 18ರಷ್ಟು ಹೆಚ್ಚಾಯಿತು! 2000ದಲ್ಲಿ ಹೃದಯದ ಅಪಾಯ ಇದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಾಲ್ಕೂವರೆ ವರ್ಷ ವಿಟಮಿನ್ ಇ ಪರೀಕ್ಷಿಸಿ ನೋಡಿದ್ದರಲ್ಲಿ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ವಿಟಮಿನ್ ಸಿ, ಇ, ಬೀಟಾ ಕೆರೋಟಿನ್ ಮೂರನ್ನೂ ಐದು ವರ್ಷ ಪರೀಕ್ಷಿಸಿ ನೋಡಿದ್ದರ ಫಲ 2002ರಲ್ಲಿ ಬಂತು. ಅಲ್ಲೂ ಫಲ ಇಲ್ಲ.

ಯಾಕೆ ಹೀಗೆ? ಒಂದು, ಮಾತ್ರೆಯ ಮದ್ದು ಸೋರಿಕೆ ಆಗುವ ಜಾಗಕ್ಕೆ, ಆ ಹೊತ್ತಿಗೆ, ಸಾಕಷ್ಟು ಹೋಗಿ ಸೇರುವುದಿಲ್ಲ. ಊರ ಮುಂದೆ ನೀರು ಚೆಲ್ಲಿದರೆ ಡೈರಿಯ ನೆಲ ತೊಳೆದ ಹಾಗಾಗುತ್ತದೆಯೇ? ಎರಡು, ಈ ಕಣಗಳು ಪೂರ್ತಿ ಶತ್ರುಗಳೂ ಅಲ್ಲ. ಸ್ವಲ್ಪ ಪ್ರಮಾಣದಲ್ಲಿ ಅವು ದೇಹಕ್ಕೆ ಸುದ್ದಿ ಮುಟ್ಟಿಸುವ ಓಲೆಕಾರರು. ನಡೆದಾಗ, ದುಡಿದಾಗ ಇವು ಸ್ವಲ್ಪ ಹೆಚ್ಚುತ್ತವೆ. ಆಗ ದೇಹ ಎಚ್ಚೆತ್ತು ತೊಳೆಯುವವರನ್ನು ಹೆಚ್ಚಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧ ಜನಕ್ಕೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟರು. ಮಾತ್ರೆ ಇಲ್ಲದವರಿಗೆ ಸಕ್ಕರೆ ಹತೋಟಿಯ ಲಾಭ ಸಿಕ್ಕಿತು, ಮಾತ್ರೆ ತೆಗೆದುಕೊಂಡವರಿಗೆ ಸಿಗಲಿಲ್ಲ. ಓಲೆಕಾರನನ್ನು ಬಾಗಿಲಲ್ಲೇ ತಡೆದರೆ ಓಲೆ ಹೇಗೆ ಮುಟ್ಟೀತು?

ನಾವು ಮಾಡಬೇಕಾದ್ದು

ಹಾಗಾದರೆ ಏನು ಮಾಡಬೇಕು? ಹೊಸದೇನೂ ಇಲ್ಲ. ಬೀಡಿ, ಸಿಗರೇಟು ಬಿಡಬೇಕು. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಡೈರಿಗೆ ಬೈಕಿನಲ್ಲಿ ಬರುವ ಯುವಕರೇ, ಇದು ನಿಮಗೇ ಹೇಳುತ್ತಿರುವುದು. ಮುದ್ದೆ, ಸೊಪ್ಪಿನ ಸಾರು, ಕಾಳು, ಹಿತ್ತಲ ಸೀಬೆಹಣ್ಣು ಬಾಟಲಿಯ ಮಾತ್ರೆಗಿಂತ ಎಷ್ಟೋ ವಾಸಿ. ಉಪ್ಪು, ಉಪ್ಪಿನಕಾಯಿ, ಕರಿದದ್ದು ಹಿಡಿತದಲ್ಲಿರಲಿ. ಮೂವತ್ತು ದಾಟಿದವರು ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಮಾತ್ರೆ ಬರೆದುಕೊಟ್ಟಿದ್ದರೆ "ಈಗ ಚೆನ್ನಾಗಿದೀನಲ್ಲ" ಅಂತ ನೀವೇ ನಿಲ್ಲಿಸಬೇಡಿ.

ಮತ್ತು ಎದೆಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಏದುಸಿರು, ಇವು ಬಂದರೆ ಗ್ಯಾಸ್ಟ್ರಿಕ್ಕು ಅಂತ ನಾವೇ ತೀರ್ಮಾನ ಮಾಡಬಾರದು. ಹೆಂಗಸರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿ ಬಂದಂತಾಗುವುದು ಆಗಬಹುದು. ಆ ಕ್ಷಣವೇ 108ಕ್ಕೆ ಫೋನು ಮಾಡಿ. ತಾವೇ ಬೈಕು ಓಡಿಸಿಕೊಂಡು ಹೋಗಬೇಡಿ. ಮೊದಲು ಇ.ಸಿ.ಜಿ. ಆಗಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ನು ಹನ್ನೆರಡು ಗಂಟೆಯೊಳಗೆ ಕೆಲಸ ಮಾಡುತ್ತದೆ ಎನ್ನುತ್ತಾರೆ, ಆದರೆ ಮೊದಲ ಗಂಟೆಯಲ್ಲಿ ಉಳಿಯುವಷ್ಟು ಹೃದಯ ಹನ್ನೆರಡನೆಯ ಗಂಟೆಯಲ್ಲಿ ಉಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಈ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡಲು ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ. ನಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂಬುದನ್ನು ಕೇಳಿ ತಿಳಿದು ಡೈರಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ ಎಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಜೊತೆಗೆ ಒಂದು ಬಿ.ಪಿ. ಯಂತ್ರವನ್ನೂ ಸಂಘದಲ್ಲಿ ಇಡಿ. ಹಾಲಿನ ಫ್ಯಾಟು ನೋಡುವಲ್ಲೇ ತಿಂಗಳಿಗೊಮ್ಮೆ ಸದಸ್ಯರ ಬಿ.ಪಿ.ಯನ್ನೂ ನೋಡಬಹುದು.

ಕೊನೆಯದಾಗಿ ಒಂದು ಮಾತು. ಚಿಕ್ಕಪ್ಪ ಆ ದಿನ ತಡಮಾಡಿದ್ದು ದಡ್ಡತನದಿಂದಲ್ಲ. "ಹಾಲು ಹಾಕ್ಬಿಟ್ಟು ಬತ್ತೀನಿ" ಅಂದರು. ಎರಡು ಹಸುವಿನ ಹಾಲು ಕೆಟ್ಟರೆ ಮನೆಯ ಲೆಕ್ಕ ತಪ್ಪುತ್ತದೆ ಎಂಬ ಭಯ ಅದು. ಆ ಭಯ ಇಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಅದಕ್ಕೇ ನಾವು ಕೇಳಿಕೊಳ್ಳುವುದು ಇಷ್ಟೇ. ನೆರೆಮನೆಯವನು ಎದೆ ಹಿಡಿದು ಕೂತದ್ದು ಕಂಡರೆ, "ನೀನು ಹೊರಡಣ್ಣ, ನಿನ್ನ ಹಾಲು ನಾನು ಹಾಕ್ತೀನಿ, ಹಸು ನಾನು ಕಟ್ತೀನಿ" ಅಂತ ಹೇಳಿ. ಇಪ್ಪತ್ತೈದು ವರ್ಷದ ಕೆಳಗೆ ಹಿರಿಯರು ಈ ಸಂಘ ಕಟ್ಟಿದ್ದು ಹೀಗೆ ಒಬ್ಬರ ಕ್ಯಾನನ್ನು ಇನ್ನೊಬ್ಬರು ಹಿಡಿಯಲಿ ಎಂದೇ.